ನಿಲ್ಲಿಸುವ ಗುಂಡಿ ಯಾರ ಕೈಯಲ್ಲಿದೆ?

(ಬಿ.ಇಡಿ. ವಿದ್ಯಾರ್ಥಿಗಳೂ ಪ್ರೌಢಶಾಲಾ ಶಿಕ್ಷಕರೂ ಕೂಡಿದ್ದ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ನಡುವೆ ಎದ್ದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಮಾತು ಶುರು ಮಾಡುವ ಮುಂಚೆ ಒಂದು ಕೆಲಸ ಇದೆ. ಬಾಗಿಲಲ್ಲಿ ನಿಮಗೆಲ್ಲ ಒಂದೊಂದು ಚೀಟಿ ಕೊಟ್ಟಿದ್ದಾರಲ್ಲ, ತೆಗೆಯಿರಿ. ಹೆಸರು ಬರೆಯಬೇಡಿ. ಬಿದಿಗೆಯ ಚಂದ್ರ ಕುಡುಗೋಲಿನ ಹಾಗೆ ಯಾಕೆ ಕಾಣುತ್ತಾನೆ, ಅದಕ್ಕೊಂದು ಚಿತ್ರ ಬಿಡಿಸಿ. ಸೂರ್ಯ, ಭೂಮಿ, ಚಂದ್ರ ಮೂರೂ ಇರಲಿ. ಎರಡು ನಿಮಿಷ ಸಾಕು. ಪಕ್ಕದವರದ್ದು ನೋಡಬೇಡಿ, ಮಕ್ಕಳಿಗೆ ದಿನಾ ಹೇಳುವ ಮಾತು ಇವತ್ತು ನಿಮಗೆ.

ಆಯಿತಾ? ಮಡಚಿ ಈ ಡಬ್ಬಿಗೆ ಹಾಕಿ. ಇದರ ವಿಚಾರ ಆಮೇಲೆ.

ನನಗೆ ಕೊಟ್ಟಿರುವ ವಿಷಯ 'ತರಗತಿಯಲ್ಲಿ ಬೋಧನಾ ಮಾಧ್ಯಮ ಮತ್ತು ತಂತ್ರಜ್ಞಾನ'. ಯಾವ ಆ್ಯಪ್ ಒಳ್ಳೆಯದು, ಯಾವ ಪ್ರೊಜೆಕ್ಟರ್ ಬಾಳಿಕೆ ಬರುತ್ತದೆ ಎಂದು ತಿಳಿಯಲು ಬಂದವರಿದ್ದರೆ ಕ್ಷಮಿಸಿ. ನಾನು ಒಂದೇ ಒಂದು ಗುಂಡಿಯ ಬಗ್ಗೆ ಮಾತಾಡುತ್ತೇನೆ. ವಿಡಿಯೊ ನಿಲ್ಲಿಸುವ ಗುಂಡಿ. ಲ್ಯಾಪ್‌ಟಾಪಿನಲ್ಲಾದರೆ ಕೆಳಗಿರುವ ಆ ಉದ್ದನೆಯ ಕೀಲಿ. ಮೂವತ್ತು ಚಿಲ್ಲರೆ ವರ್ಷ ವಿಜ್ಞಾನ ಪಾಠ ಮಾಡಿದ ಮೇಲೆ ನನಗೆ ಉಳಿದಿರುವ ತಂತ್ರಜ್ಞಾನ ಇಷ್ಟೇ.

1975ರಲ್ಲಿ ನಾನು ಐದನೆಯ ತರಗತಿ. ರಾಯಚೂರು ಜಿಲ್ಲೆಯ ನಮ್ಮೂರ ಶಾಲೆಯ ಅಂಗಳಕ್ಕೆ ಒಂದು ದಿನ ಜೀಪು ಬಂತು. ಇಳಿದವರು ಹತ್ತಡಿ ಅಗಲದ, ಕೋಳಿಗೂಡಿಗೆ ಬಡಿಯುವಂಥ ತಂತಿಬಲೆಯ ಬೋಗುಣಿಯೊಂದನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದರು. ಊರ ಹಿರಿಯರೊಬ್ಬರು ಸುತ್ತ ಒಂದು ಸಲ ತಿರುಗಿ, "ಬರೇ ತೂತದಾವಲ್ಲೋ ತಮ್ಮಾ, ಇದರಾಗ ಏನ್ ನಿಲ್ತದ?" ಎಂದು ಕೇಳಿದರು. ಅವರಿಗೆ ಗೊತ್ತಿಲ್ಲದೆಯೇ ಸರಿಯಾದ ಪ್ರಶ್ನೆ ಕೇಳಿದ್ದರು ಎಂದು ನನಗೆ ಈಗ ಅನಿಸುತ್ತದೆ.

ಅದು ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ಕಳಿಸುವ 'ಸೈಟ್' ಎಂಬ ಪ್ರಯೋಗ. ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮಗೆ ಎರವಲು ಕೊಟ್ಟಿತ್ತು. ನೆಲದ ಮೇಲಿನ ಕೆಲಸ ಇಸ್ರೊದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಕಂಡಿತು. ಕರ್ನಾಟಕದ ಪಾಲಿಗೆ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್‌ನಲ್ಲಿ. ಹಿಂದುಳಿದ ಸೀಮೆಯವರು ಅನ್ನಿಸಿಕೊಂಡ ನಾವು ಆರು ವರ್ಷ ಮೊದಲೇ ಟಿವಿ ನೋಡಿದವರು. ಬೆಂಗಳೂರಿನವರು ಸಿಕ್ಕಾಗ ಇದನ್ನು ಹೇಳದೆ ನಾನು ಬಿಡುವುದಿಲ್ಲ.

ಬೆಳಗ್ಗೆ ಮಕ್ಕಳಿಗೆಂದೇ ಇಪ್ಪತ್ತೆರಡೂವರೆ ನಿಮಿಷದ ಕಾರ್ಯಕ್ರಮ ಇರುತ್ತಿತ್ತು. ಕಪ್ಪು ಬಿಳುಪು. ಒಂದು ದಿನ ಬೀಜ ಮೊಳೆಯುವುದನ್ನು ತೋರಿಸಿದರು. ವಾರಗಟ್ಟಲೆ ಆಗುವ ಕೆಲಸ ಕಣ್ಣೆದುರು ಒಂದೇ ಉಸಿರಿನಲ್ಲಿ ಆಗಿಹೋಯಿತು. ನಮ್ಮದು ಒಕ್ಕಲುತನದ ಮನೆ. ಬಿತ್ತುವುದು ನೋಡಿದ್ದೆ, ಪೈರು ನೋಡಿದ್ದೆ, ನಡುವೆ ಮಣ್ಣೊಳಗೆ ಏನಾಗುತ್ತದೆ ಎಂದು ನೋಡಿರಲಿಲ್ಲ. ಮೊದಲು ಬಂದದ್ದು ಬೇರೋ ಎಲೆಯೋ ತಿಳಿಯಲಿಲ್ಲ. ಕೈ ಎತ್ತಿದೆ. ಮಾಸ್ತರರು ಬೆತ್ತ ತೋರಿಸಿ, "ಸುಮ್ ಕೂಡು, ಹೊಂಟ್ ಹೋಗ್ತದ" ಅಂದರು.

ಅವರ ತಪ್ಪಲ್ಲ. ನಿಜಕ್ಕೂ ಹೊರಟುಹೋಗುತ್ತಿತ್ತು. ಮೂವತ್ತಾರು ಸಾವಿರ ಕಿಲೊಮೀಟರ್ ಮೇಲಿಂದ ಬರುವ ಪಾಠವನ್ನು ನಮ್ಮೂರ ಮಾಸ್ತರರು ತಡೆಯುವುದು ಹೇಗೆ? ಕಾರ್ಯಕ್ರಮ ಮುಗಿಯಿತು, ಪೆಟ್ಟಿಗೆಗೆ ಬೀಗ ಬಿತ್ತು, ನಾವು ಹದಿಮೂರರ ಮಗ್ಗಿಗೆ ಹೋದೆವು. ವರ್ಷ ಕಳೆದ ಮೇಲೆ ಉಪಗ್ರಹವೇ ಹೊರಟುಹೋಯಿತು. ಬೇರು ಮೊದಲು ಬರುತ್ತದೆ ಎಂದು ಮನೆಯಲ್ಲಿ ಕಡಲೆ ನೆನೆಹಾಕಿ ನಾನೇ ನೋಡಿಕೊಂಡೆ.

ಈ 'ಹೊಂಟ್ ಹೋಗ್ತದ' ಎಂಬ ಮಾತನ್ನು ಹಿಡಿದುಕೊಳ್ಳಿ. ಆಮೇಲೆ ಬಂದ ಮಾಧ್ಯಮಗಳನ್ನೆಲ್ಲ ನಾನು ಇದೇ ಕನ್ನಡಕದಿಂದ ನೋಡುತ್ತಾ ಬಂದಿದ್ದೇನೆ.

ರೇಡಿಯೊ ಮಾಡಿದವರಿಗೆ ಈ ತೊಂದರೆ ಬಹಳ ಬೇಗ ಗೊತ್ತಾಗಿತ್ತು. ಸೈಟ್ ನಡೆಯುತ್ತಿದ್ದ ಹೊತ್ತಿನಲ್ಲೇ ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ರೇಡಿಯೊ ಮೂಲಕ ಗಣಿತ ಕಲಿಸುವ ಯೋಜನೆ ನಡೆಸಿದರು. ಅವರು ಮಾಡಿದ ಉಪಾಯ ಸಣ್ಣದು. ಪಾಠದ ದನಿ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ. ಕೆಲವೇ ಸೆಕೆಂಡು. ಅಷ್ಟರಲ್ಲಿ ಮಕ್ಕಳು ಕೂಗಿ ಉತ್ತರ ಹೇಳಬೇಕು, ಇಲ್ಲವೇ ಬರೆಯಬೇಕು. ನಂತರ ರೇಡಿಯೊ ಸರಿ ಉತ್ತರ ಹೇಳಿ ಮುಂದೆ ಹೋಗುತ್ತದೆ. ನಿಲ್ಲಿಸಲಾಗದ ಮಾಧ್ಯಮದೊಳಗೆ ನಿಲುಗಡೆಯನ್ನು ಮೊದಲೇ ಹೊಲಿದು ಕಳಿಸಿದರು. ಆ ಬಗೆಯ ರೇಡಿಯೊ ಪಾಠ ಮುಂದೆ ಎಷ್ಟೋ ದೇಶಗಳಿಗೆ ಹೋಯಿತು. ನಮ್ಮ ಆಕಾಶವಾಣಿಯಲ್ಲಿ ಶಾಲೆಗಳಿಗಾಗಿ 'ಕೇಳಿ ಕಲಿ' ಬರುತ್ತಿತ್ತು, ನಿಮ್ಮಲ್ಲಿ ಹಲವರು ಕೇಳಿಯೇ ಬೆಳೆದವರು. ಹಾಡು ಬಂದರೆ ಮಕ್ಕಳು ಎದ್ದು ಕುಣಿಯುತ್ತಿದ್ದರು. ಹಾಡು ಮುಗಿದ ಮೇಲೂ ಕುಣಿತ ಮುಗಿಯುತ್ತಿರಲಿಲ್ಲ, ಅಷ್ಟರಲ್ಲಿ ರೇಡಿಯೊ ಮುಂದಿನ ಮಾತಿಗೆ ಹೋಗಿರುತ್ತಿತ್ತು.

2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಹಾರಿತು. ಶಿಕ್ಷಣಕ್ಕೆಂದೇ ಒಂದು ಇಡೀ ಉಪಗ್ರಹ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಚಾಮರಾಜನಗರ ಜಿಲ್ಲೆಯ ಕನ್ನಡ ಪ್ರಾಥಮಿಕ ಶಾಲೆಗಳಿಗೂ ಅದರಿಂದ ಪಾಠ ಬಂತು. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಮೇಲಿಂದ ಬರುವ ಪಾಠಕ್ಕೆ ತನ್ನದೇ ವೇಳಾಪಟ್ಟಿ ಇರುತ್ತದೆ. ನೀವು ಮೂರನೆಯ ಘಟಕದಲ್ಲಿದ್ದರೆ ಅದು ಐದನೆಯದರಲ್ಲಿ ಇರಬಹುದು.

2020ರದ್ದು ನಿಮಗೆ ಹೇಳಬೇಕಾಗಿಲ್ಲ. ಕೊರೊನಾ ಬಂದು ಶಾಲೆ ಮುಚ್ಚಿತು, ಚಂದನದಲ್ಲಿ 'ಸಂವೇದ' ಪಾಠ ಶುರುವಾಯಿತು. ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿದ್ದೆ. ಟಿವಿ ಮುಂದೆ ನೋಟ್‌ಬುಕ್ ಹಿಡಿದು ಕುಳಿತಿದ್ದಳು. ಪರದೆಯ ಮೇಲಿನ ಸಮೀಕರಣ ಅರ್ಧ ಬರೆದುಕೊಳ್ಳುವಷ್ಟರಲ್ಲಿ ಅಳಿಸಿಹೋಯಿತು. ಮುಂದಿನದೂ ಅರ್ಧ. ಪುಟದ ತುಂಬ ಬಲಗಡೆಯಿಲ್ಲದ ಸಮೀಕರಣಗಳು. ನಲವತ್ತೈದು ವರ್ಷದ ಹಿಂದಿನ ನಮ್ಮ ಮಾಸ್ತರರ ದನಿ ಕಿವಿಯಲ್ಲಿ ಕೇಳಿದ ಹಾಗಾಯಿತು.

ಆ ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಗುಡಿಯ ಕಟ್ಟೆ, ಮಸೀದಿಯ ಜಗಲಿ, ಬೇವಿನ ಮರದ ನೆರಳು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಪಾಠ. ನಾನು ಅಲ್ಲಿ ಹೊಸ ಪಾಠ ಮಾಡಲೇ ಇಲ್ಲ. "ನಿನ್ನೆ ಟಿವಿಯಾಗ ಏನ್ ಹೇಳಿದ್ರು, ಎಲ್ಲಿಗೆ ಬಂದು ನಿಂತ್ರಿ?" ಎಂದು ಕೇಳುತ್ತಿದ್ದೆ. ಅವರು ನಿಂತ ಜಾಗದಿಂದ ಮುಂದೆ ಹೋಗುತ್ತಿದ್ದೆವು. ಬಲಗಡೆಯಿಲ್ಲದ ಸಮೀಕರಣಗಳಿಗೆ ಅಲ್ಲಿ ಬಲಗಡೆ ಬಂತು. ಎರಡು ತಿಂಗಳಿಗೆ ಸೋಂಕಿನ ಭಯಕ್ಕೆ ಅದೂ ನಿಂತಿತು. ಟಿವಿಯೊಂದರಿಂದ ಆಗದ್ದು, ಕಟ್ಟೆಯೊಂದರಿಂದಲೂ ಆಗದ್ದು, ಎರಡೂ ಕೂಡಿದಾಗ ಆಗುವುದನ್ನು ನಾನು ಆ ಎರಡು ತಿಂಗಳಲ್ಲಿ ನೋಡಿದೆ.

ಈಗ ಬನ್ನಿ ಇವತ್ತಿಗೆ. ಪಠ್ಯಪುಸ್ತಕದ ಪಾಠದ ಪಕ್ಕದಲ್ಲಿ ಕ್ಯೂಆರ್ ಕೋಡ್ ಇದೆ. ಮೊಬೈಲ್ ಹಿಡಿದರೆ ದೀಕ್ಷಾ ಎಂಬ ಸರ್ಕಾರಿ ಕಲಿಕಾ ತಾಣದಲ್ಲಿ ವಿಡಿಯೊ ತೆರೆಯುತ್ತದೆ. ಪೆನ್‌ಡ್ರೈವ್ ಇದೆ, ಪ್ರೊಜೆಕ್ಟರ್ ಇದೆ. ಈಗ ನಿಲ್ಲಿಸುವ ಗುಂಡಿ ಶಿಕ್ಷಕರ ಬೆರಳಿನ ಕೆಳಗೆ ಬಂದಿದೆ. ನಾವೇನು ಮಾಡುತ್ತೇವೆ? ವಿಡಿಯೊ ಹಚ್ಚುತ್ತೇವೆ, ಕಿಟಕಿ ಮುಚ್ಚುತ್ತೇವೆ, ಹಿಂದೆ ಹೋಗಿ ಕೈಕಟ್ಟಿ ನಿಲ್ಲುತ್ತೇವೆ. ಮುಗಿದ ಮೇಲೆ "ತಿಳೀತಾ?" ಅನ್ನುತ್ತೇವೆ. "ತಿಳೀತ್ರಿ ಸರ" ಎಂದು ನಲವತ್ತು ದನಿ. ನಾನೂ ಹತ್ತು ವರ್ಷ ಹೀಗೇ ಮಾಡಿದೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ನನ್ನ ಕಣ್ಣು ತೆರೆಸಿದ್ದು ಚಂದ್ರನ ಕಲೆಗಳ, ಅಂದರೆ ಚಂದ್ರ ಬೆಳೆದು ಕುಗ್ಗುವುದರ, ಪಾಠ. ನಾಲ್ಕು ನಿಮಿಷದ ಚೆಂದದ ವಿಡಿಯೊ ಇತ್ತು. ಮೇಲಿನಿಂದ ನೋಡಿದಂತೆ ಭೂಮಿ ನಡುವೆ, ಚಂದ್ರ ಸುತ್ತ ತಿರುಗುತ್ತಾನೆ, ಬದಿಯಲ್ಲಿ ಒಂದು ಸಣ್ಣ ಚೌಕದಲ್ಲಿ ನಮಗೆ ಕಾಣುವ ಚಂದ್ರ ಬೆಳೆಯುತ್ತಾ ಕುಗ್ಗುತ್ತಾ ಹೋಗುತ್ತಾನೆ. ಪ್ರತಿ ವರ್ಷ ತೋರಿಸುತ್ತಿದ್ದೆ, ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. ಒಂದು ವರ್ಷ ನಲವತ್ತನೆಯ ಸೆಕೆಂಡಿಗೆ ಯಾರೋ ಹೊರಗೆ ಕರೆದರೆಂದು ನಿಲ್ಲಿಸಿ ಹೋಗಬೇಕಾಯಿತು. ಹೋಗುವಾಗ ಗದ್ದಲ ಆಗಬಾರದೆಂದು, "ಮುಂದೇನಾಗ್ತದ, ಚಿತ್ರ ತೆಗೀರಿ" ಅಂದೆ. ಬಂದು ನೋಡಿದರೆ ಹೆಚ್ಚಿನವರು ಒಂದೇ ಚಿತ್ರ ಬರೆದಿದ್ದರು. ಸೂರ್ಯ, ನಡುವೆ ಭೂಮಿ, ಭೂಮಿಯ ನೆರಳು ಚಂದ್ರನ ಮೇಲೆ. ನೆರಳು ಬಿದ್ದಷ್ಟು ಕಪ್ಪು, ಉಳಿದದ್ದು ಕುಡುಗೋಲು.

ಇಷ್ಟು ವರ್ಷ ಈ ಚಿತ್ರ ಅವರ ತಲೆಯಲ್ಲಿ ಕುಳಿತೇ ವಿಡಿಯೊ ನೋಡುತ್ತಿತ್ತು. ನೋಡಿ ಮುಗಿಸಿ ಅದೇ ಚಿತ್ರವನ್ನು ಮನೆಗೆ ಒಯ್ಯುತ್ತಿತ್ತು.

ಅವತ್ತು ವಿಡಿಯೊ ಮುಂದೆ ಹಚ್ಚಲಿಲ್ಲ. ಬಿದಿಗೆ ಚಂದ್ರ ಯಾವಾಗ ಕಾಣುತ್ತಾನೆ ಎಂದು ಕೇಳಿದೆ. ಸಂಜೆ, ಹೊತ್ತು ಮುಳುಗಿದ ಮೇಲೆ, ಪಡುವಲಕ್ಕೆ. ರಂಜಾನ್ ಚಾಂದ್ ನೋಡುವ ಮನೆಯ ಹುಡುಗರಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನಗೂ ತಡೆದುಕೊಳ್ಳುವುದು ಕಷ್ಟವಾಗಿತ್ತು. ಮೂರನೆಯ ಸಾಲಿನ ಹುಡುಗಿ ಎದ್ದಳು. "ಸರ, ಸೂರ್ಯ ಆ ಕಡೀಗೇ ಮುಳುಗ್ಯಾನ, ಚಂದ್ರನೂ ಅದೇ ಕಡೀಗೆ ಅದಾನ. ಭೂಮಿ ನೆರಳು ಸೂರ್ಯನ ಕಡಿ ಹೆಂಗ್ ಬೀಳ್ತದ್ರಿ? ಹಿಂದ್ ಬೀಳಬೇಕಲ್ರಿ?"

ಆ ವಾಕ್ಯ ಯಾವ ವಿಡಿಯೊದಲ್ಲೂ ಇರಲಿಲ್ಲ.

ಆಮೇಲೆ ಕೋಣೆ ಕತ್ತಲೆ ಮಾಡಿ ಒಂದು ಬಲ್ಬು ಹಚ್ಚಿದೆವು. ಕಡ್ಡಿಗೆ ಚುಚ್ಚಿದ ಪ್ಲಾಸ್ಟಿಕ್ ಚೆಂಡು ಪ್ರತಿಯೊಬ್ಬರ ಕೈಗೂ ಬರುವ ಹಾಗೆ ಹಂಚಿದೆವು. ಬಲ್ಬು ಸೂರ್ಯ, ಚೆಂಡು ಚಂದ್ರ, ನಿನ್ನ ತಲೆಯೇ ಭೂಮಿ. ಬಲ್ಬಿಗೆ ಮುಖ ಮಾಡಿ ತೋಳು ಚಾಚಿ ಹಿಡಿದರೆ ಚೆಂಡು ಪೂರ್ತಿ ಕಪ್ಪು: ಅಮಾವಾಸ್ಯೆ. ನಿಧಾನಕ್ಕೆ ಎಡಕ್ಕೆ ತಿರುಗಿದರೆ ಬಲಅಂಚಿನಲ್ಲಿ ಕುಡುಗೋಲು ಮೂಡುತ್ತದೆ. ಕಾಲು ಸುತ್ತಿಗೆ ಅಷ್ಟಮಿ. ಬೆನ್ನು ಬಲ್ಬಿಗಾಗಿ ಚೆಂಡು ತಲೆಗಿಂತ ಮೇಲಿದ್ದರೆ ಹುಣ್ಣಿಮೆ. ಒಬ್ಬ ಹುಡುಗ ಚೆಂಡು ಕೆಳಗೆ ಹಿಡಿದಿದ್ದ, ಅವನ ತಲೆಯ ನೆರಳು ಅದರ ಮೇಲೆ ಬಿತ್ತು. "ಸರ, ನಂದು ಕೆಟ್ಟದ" ಅಂದ. ಪಕ್ಕದವನು ಬಗ್ಗಿ ನೋಡಿ, "ಕೆಟ್ಟಿಲ್ಲಲೇ, ಗ್ರಹಣ ಹಿಡದದ" ಅಂದ. ನೆರಳಿನ ಚಿತ್ರಕ್ಕೂ ಒಂದು ಸರಿಯಾದ ಜಾಗ ಸಿಕ್ಕಿತು. ಮರುದಿನ ಉಳಿದ ವಿಡಿಯೊ ತೋರಿಸಿದೆ. ಈ ಸಲ ಮೇಲಿನಿಂದ ನೋಡುವ ದೃಶ್ಯ ಬಂದಾಗ ಮಕ್ಕಳು ತಾವೇ, "ಅಲ್ಲಿ ನಿಂತವರು ನಾವು" ಎಂದು ಭೂಮಿಯ ಕಡೆ ಬೆರಳು ಮಾಡಿದರು. ವಿಡಿಯೊ ಬೇಡ ಎಂದು ನಾನು ಹೇಳುತ್ತಿಲ್ಲ ನೋಡಿ. ಚೆಂಡು ಕೈಯಲ್ಲಿ ಹಿಡಿದು ತಿಂಗಳ ಸುತ್ತನ್ನು ಹೊರಗಿನಿಂದ ನೋಡಲು ಆಗುವುದಿಲ್ಲ, ಅದಕ್ಕೆ ವಿಡಿಯೊವೇ ಬೇಕು.

ಇದು ನನ್ನೊಬ್ಬನ ಅನುಭವ ಎಂದು ಬಿಡಬೇಡಿ. ಡೆರೆಕ್ ಮುಲ್ಲರ್ ಎಂಬವರು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ವಿಡಿಯೊಗಳ ಮೇಲೆಯೇ ಪಿಎಚ್‌.ಡಿ. ಮಾಡಿದರು. ಯೂಟ್ಯೂಬ್ ನೋಡುವ ನಿಮಗೆ ವೆರಿಟಾಸಿಯಂ ಚಾನೆಲ್‌ನವರು ಎಂದರೆ ಗೊತ್ತಾದೀತು. ವಿಷಯವನ್ನು ನೇರವಾಗಿ, ಅಚ್ಚುಕಟ್ಟಾಗಿ ಹೇಳಿದ ವಿಡಿಯೊ ನೋಡಿದ ವಿದ್ಯಾರ್ಥಿಗಳು 'ಬಹಳ ಸ್ಪಷ್ಟವಾಗಿದೆ' ಅಂದರು. ಪರೀಕ್ಷೆಯಲ್ಲಿ ಅಂಕ ಹೆಚ್ಚು ಮೇಲೇಳಲಿಲ್ಲ. ತಪ್ಪು ತಿಳಿವಳಿಕೆಯನ್ನು ಮೊದಲು ಮುಂದಿಟ್ಟು ಅದರ ಜೊತೆ ವಾದ ಮಾಡುವ ವಿಡಿಯೊ ನೋಡಿದವರು 'ಗೊಂದಲವಾಗುತ್ತದೆ' ಅಂದರು. ಅವರೇ ಚೆನ್ನಾಗಿ ಕಲಿತಿದ್ದರು. ನಮ್ಮ 'ತಿಳೀತ್ರಿ ಸರ' ಎಂಬುದಕ್ಕೆ ಎಷ್ಟು ಬೆಲೆ ಕೊಡಬೇಕು, ಲೆಕ್ಕ ಹಾಕಿ.

ನಿಲ್ಲಿಸಿದರೆ ಸಾಲದು, ನಿಲ್ಲಿಸಿ ಕಾಯಬೇಕು. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳುತ್ತಾ ಕುಳಿತರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು, ಅಷ್ಟೇ. ಅದನ್ನು ಮೂರು ಸೆಕೆಂಡು ಮಾಡಿದಾಗ ಉತ್ತರಗಳು ಉದ್ದವಾದವು, ಯಾವತ್ತೂ ಬಾಯಿ ಬಿಡದ ಮಕ್ಕಳು ಬಾಯಿ ಬಿಟ್ಟರು. ಮೂರು ಸೆಕೆಂಡು ಎಂದರೆ ಎಷ್ಟು, ಈಗ ನೋಡೋಣ.

(ಇಲ್ಲಿ ಸುಮ್ಮನಾದೆ. ಎರಡನೆಯ ಸೆಕೆಂಡಿಗೇ ಯಾರೋ ಕೆಮ್ಮಿದರು.)

ಎಷ್ಟು ಉದ್ದ ಅನ್ನಿಸಿತು ಅಲ್ಲವೇ? ಮಾಸ್ತರರಿಗೆ ಮೌನ ಎಂದರೆ ಭಯ. ಹೆಡ್‌ಮಾಸ್ತರರು ವರಾಂಡದಲ್ಲಿ ಹಾದುಹೋದರೆ ಪಾಠ ನಡೆಯುತ್ತಿಲ್ಲ ಅಂದುಕೊಳ್ಳುತ್ತಾರೆ ಎಂಬ ಅಂಜಿಕೆ.

ಒಂದೆರಡು ಕೈಕೆಲಸದ ಮಾತು. ಲ್ಯಾಪ್‌ಟಾಪು ಮುಂದೆ, ನೀವು ಹಿಂದೆ ಇದ್ದರೆ ನಿಲ್ಲಿಸುವ ಮನಸ್ಸೇ ಬರುವುದಿಲ್ಲ. ಒಬ್ಬ ವಿದ್ಯಾರ್ಥಿಯನ್ನು ಕೀಲಿಯ ಮೇಲೆ ಬೆರಳಿಟ್ಟು ಕೂರಿಸಿ. ನಮ್ಮಲ್ಲಿ ಅವನಿಗೆ 'ಕಂಡಕ್ಟರ್' ಎಂದು ಹೆಸರು. ಯಾರೇ "ಸ್ಟಾಪ್" ಅಂದರೂ ನಿಲ್ಲಿಸಬೇಕು, ನಿಲ್ಲಿಸಿದವರು ಯಾಕೆಂದು ಹೇಳಬೇಕು. ಮೊದಲ ವಾರ ಬರೇ ತಮಾಷೆಗೆ ಕೂಗುತ್ತಾರೆ, ಸಹಿಸಿಕೊಳ್ಳಿ. ಇಂಗ್ಲಿಷ್ ವಿಡಿಯೊ ಸಿಕ್ಕರೆ ಬಿಡಬೇಡಿ, ದನಿ ಬಂದ್ ಮಾಡಿ. ಚಿತ್ರ ಓಡುತ್ತಿರಲಿ, ಏನಾಗುತ್ತಿದೆ ಎಂದು ನಿಮ್ಮ ಕನ್ನಡದಲ್ಲಿ ನೀವು ಹೇಳಿ, ಎರಡನೆಯ ಸಲ ಮಕ್ಕಳು ಹೇಳಲಿ. ಕ್ರಿಕೆಟ್ ಕಾಮೆಂಟರಿ ಹೇಳಿದ ಹಾಗೆ ರಕ್ತಪರಿಚಲನೆ ಹೇಳುತ್ತಾರೆ. ಎಡ ಹೃತ್ಕುಕ್ಷಿಗೂ ಬಲ ಹೃತ್ಕುಕ್ಷಿಗೂ ಎಲ್ಲಿ ಅದಲು ಬದಲಾಯಿತು ಎಂಬುದು ಆಗ ನಿಮಗೆ ಕೇಳಿಸುತ್ತದೆ. ಸ್ಲೈಡುಗಳ ತುಂಬ ವಾಕ್ಯ ತುಂಬಿ ಅದನ್ನೇ ಗಟ್ಟಿಯಾಗಿ ಓದುವ ಅಭ್ಯಾಸ ಬಿಟ್ಟುಬಿಡಿ. ಬರಹ ಒಂದು ಕಡೆ, ಅದೇ ಮಾತು ಇನ್ನೊಂದು ಕಡೆ ಆದರೆ ಕಲಿಕೆಗೆ ಅಡ್ಡಿ ಎಂದು ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಅಲ್ಲದೆ ನಮ್ಮ ಕನ್ನಡ ಫಾಂಟುಗಳ ಹಣೆಬರಹ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಚೆಂದ ಕಂಡದ್ದು ಶಾಲೆಯ ಲ್ಯಾಪ್‌ಟಾಪಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತದೆ.

ಇನ್ನು ಬೀಗದ ವಿಚಾರ. ನಾನು ಕೆಲಸ ಮಾಡಿದ ಶಾಲೆಯೊಂದಕ್ಕೆ ಸ್ಮಾರ್ಟ್ ಬೋರ್ಡ್ ಬಂತು. ದಾಸ್ತಾನು ವಹಿಯಲ್ಲಿ ಏರಿತು, ಪೂಜೆಯಾಯಿತು, ಫೋಟೊ ತೆಗೆದರು. ಕೆಟ್ಟರೆ ಯಾರು ಜವಾಬ್ದಾರಿ ಎಂಬ ಭಯಕ್ಕೆ ಎರಡು ವರ್ಷ ಕೋಣೆಯ ಬೀಗ ತೆಗೆಯಲಿಲ್ಲ. ತೆಗೆದಾಗ ತಂತಿಯನ್ನು ಇಲಿ ಕಡಿದಿತ್ತು. ಬಳಸಿ ಕೆಡಿಸಿದ್ದರೆ ನಾಲ್ಕು ಮಕ್ಕಳಿಗಾದರೂ ಏನಾದರೂ ಸಿಗುತ್ತಿತ್ತು.

ಇದಕ್ಕೆ ಎದುರು ನಾನು ಇಡುವುದು ನಲಿ-ಕಲಿ ಕಾರ್ಡು, ಚಿಕ್ಕ ತರಗತಿಯ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಚಟುವಟಿಕೆಯ ಕಾರ್ಡು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ, ಆಂಧ್ರದ ಋಷಿ ಕಣಿವೆಯ (ರಿಷಿ ವ್ಯಾಲಿ) ಶಾಲೆಗಳ ಮಾದರಿ ನೋಡಿ ಬಂದ ನಮ್ಮ ಸರ್ಕಾರಿ ಶಾಲಾ ಶಿಕ್ಷಕರೇ ಕೂತು ಕಟ್ಟಿದ್ದು. ಕರೆಂಟ್ ಬೇಡ, ನೆಟ್‌ವರ್ಕ್ ಬೇಡ. ಕಲಿಕೆಯ ಏಣಿಯ ಮೇಲೆ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಒಂದನೆಯ ತರಗತಿಯ ಮಗುವಿಗೆ ಗೊತ್ತು. ತನ್ನ ಕಾರ್ಡು ತಾನೇ ತೆಗೆದುಕೊಂಡು ತನ್ನ 'ತಟ್ಟೆ'ಯಲ್ಲಿ, ಅಂದರೆ ತನ್ನ ಗುಂಪಿನಲ್ಲಿ, ಕೂರುತ್ತದೆ. ಮೂರು ದಿನ ಜ್ವರ ಬಂದು ಬಿಟ್ಟಿದ್ದರೆ ನಾಲ್ಕನೆಯ ದಿನ ಬಿಟ್ಟಲ್ಲಿಂದಲೇ ಹಿಡಿಯುತ್ತದೆ. ಕಾರ್ಡು ಎಲ್ಲೂ ಹೊರಟುಹೋಗಿರುವುದಿಲ್ಲ. ಅದರಲ್ಲಿ ಕೊರತೆಗಳಿವೆ, ಕಲಿಸಿದವರು ನಿಮ್ಮಲ್ಲೇ ಇದ್ದೀರಿ, ನನಗಿಂತ ಚೆನ್ನಾಗಿ ಹೇಳುತ್ತೀರಿ. ಆದರೆ ಮಾಧ್ಯಮ ಎಂದಾಗ ಬರೇ ಪರದೆಯನ್ನೇ ನೆನೆಯುವವರಿಗೆ ನಾನು ಆ ಹರಿದ ಅಂಚಿನ ಕಾರ್ಡು ತೋರಿಸುತ್ತೇನೆ.

ಇಷ್ಟು ಹೇಳಿದ ಮೇಲೆ ಒಬ್ಬ ತರುಣ ಶಿಕ್ಷಕರು ಎದ್ದರು. "ಸರ್, ಅವಧಿ ಇರೋದೇ ನಲವತ್ತು ನಿಮಿಷ. ಹೀಗೆ ನಿಲ್ಲಿಸ್ತಾ ಕೂತರೆ ಎಸ್ಸೆಸ್ಸೆಲ್ಸಿ ಪಠ್ಯ ಮುಗಿಸೋದು ಯಾವಾಗ?"

ಮುಗಿಯುವುದಿಲ್ಲ, ನಿಜ. ಎಲ್ಲ ಪಾಠಕ್ಕೂ ಹೀಗೆ ಮಾಡಲು ನನಗೂ ಆಗಲಿಲ್ಲ. ವರ್ಷಕ್ಕೆ ಎಂಟು ಹತ್ತು ಜಾಗ ಆರಿಸಿಕೊಂಡೆ, ಮಕ್ಕಳ ತಲೆಯಲ್ಲಿ ಮೊದಲೇ ಬೇರೆ ಚಿತ್ರ ಕುಳಿತಿದೆ ಎಂದು ನನಗೆ ಗೊತ್ತಿದ್ದ ಜಾಗಗಳು. ವಿದ್ಯುತ್ ಮಂಡಲದಲ್ಲಿ ಪ್ರವಾಹ 'ಖರ್ಚಾಗುತ್ತದೆ' ಎಂಬುದು. ಭಾರದ ಕಲ್ಲು ಬೇಗ ಬೀಳುತ್ತದೆ ಎಂಬುದು. ಗಿಡ ಆಹಾರವನ್ನೆಲ್ಲ ಮಣ್ಣಿನಿಂದ ತೆಗೆದುಕೊಳ್ಳುತ್ತದೆ ಎಂಬುದು. ಉಳಿದ ಕಡೆ ಬೇಗ ಬೇಗ ಓಡಿದೆ. ಕೆಲವು ಕಡೆ ವಿಡಿಯೊವನ್ನೇ ಬಿಟ್ಟು ಕರಿಹಲಗೆಯ ಮೇಲೆ ಚಿತ್ರ ಬರೆದೆ. ಬರೆಯುವ ಕೈ ತಾನಾಗಿಯೇ ನಿಧಾನ, ಮಕ್ಕಳು ಅದರ ಜೊತೆ ಬರೆಯಬಹುದು.

ಊಟದ ಬಿಡುವಿನಲ್ಲಿ ಡಬ್ಬಿ ತೆರೆದು ಚೀಟಿಗಳನ್ನು ಎರಡು ಗುಂಪು ಮಾಡಿದೆವು. ನೆರಳಿನ ಚಿತ್ರದ ಗುಂಪು ನಾನಂದುಕೊಂಡದ್ದಕ್ಕಿಂತ ದಪ್ಪವಾಗಿತ್ತು. ಕೆಲವರು ನೆರಳಿಗೆ ಸ್ಕೇಲು ಹಿಡಿದು ಗೆರೆ ಎಳೆದಿದ್ದರು. ಮೇಜಿನ ಬಳಿ ನಿಂತು ನೋಡುತ್ತಿದ್ದ ಮೇಡಂ ಒಬ್ಬರು ಅದರಿಂದ ಒಂದು ಚೀಟಿ ಎಳೆದು ಮುಷ್ಟಿಯಲ್ಲಿ ಮುಚ್ಚಿಕೊಂಡು, "ಇದು ನಂದು ಸರ್" ಎಂದು ನಕ್ಕರು. ಆಮೇಲೆ ನನ್ನ ಚೀಲದಿಂದ ಹೊರಗೆ ಚಾಚಿದ್ದ ಕಡ್ಡಿಯನ್ನು ತೋರಿಸಿ, "ಆ ಚೆಂಡು ಎರಡು ದಿನದ ಮಟ್ಟಿಗೆ ಕೊಡ್ತೀರಾ?" ಎಂದು ಕೇಳಿದರು. ಕೊಟ್ಟೆ. ಅದು ಇನ್ನೂ ವಾಪಸು ಬಂದಿಲ್ಲ.